ಗೆಲುವಿನ ಪಾಲು: ಎರಡನೆಯ ಮಹಾಯುದ್ಧ ಮತ್ತು ಮಿತ್ರರಾಷ್ಟ್ರಗಳ ಲೆಕ್ಕ



ಭಾರತದ ಕಥೆಗೆ ನಮ್ಮ ಜನ ಸೇರಿಸಿಕೊಂಡ ಪ್ರಸಂಗಗಳಲ್ಲಿ ಬರ್ಬರೀಕನದೂ ಒಂದು. ಘಟೋತ್ಕಚನ ಮಗ ಅವನು. ಯುದ್ಧಕ್ಕೆ ಮೊದಲೇ ಕೃಷ್ಣ ಅವನ ತಲೆಯನ್ನು ದಾನವಾಗಿ ಪಡೆಯುತ್ತಾನೆ. ಕಾಳಗವನ್ನು ಕಡೆಯವರೆಗೂ ನೋಡಬೇಕೆಂಬ ಆಸೆ ಅವನಿಗಿತ್ತಾದ್ದರಿಂದ ಆ ತಲೆಯನ್ನು ಗುಡ್ಡದ ಮೇಲೆ ಇರಿಸುತ್ತಾನೆ. ಹದಿನೆಂಟು ದಿನ ಕಳೆದ ಮೇಲೆ, ಗೆದ್ದದ್ದು ಯಾರಿಂದ ಎಂದು ಪಾಂಡವರಲ್ಲಿ ವಾದ ಹುಟ್ಟುತ್ತದೆ. ಭೀಮನಿಗೆ ತನ್ನ ಗದೆಯ ಹೆಮ್ಮೆ, ಅರ್ಜುನನಿಗೆ ಗಾಂಡೀವದ ಹೆಮ್ಮೆ. ಗುಡ್ಡದ ಮೇಲಿನ ತಲೆಯನ್ನು ಕೇಳಿದರೆ, ತನಗೆ ಕಂಡದ್ದು ಕೃಷ್ಣನ ಚಕ್ರ ಮಾತ್ರ ಎಂದುಬಿಡುತ್ತದೆ.

ಎರಡನೆಯ ಮಹಾಯುದ್ಧದ ಬಗ್ಗೆ ಇದೇ ಜಗಳ ಎಂಬತ್ತು ವರ್ಷಗಳಿಂದ ನಡೆದಿದೆ. ಆದರೆ ಅಲ್ಲಿ ಎಲ್ಲವನ್ನೂ ಒಂದೇ ಎತ್ತರದಿಂದ ಕಂಡ ಸಾಕ್ಷಿ ಇಲ್ಲ. ಒಂದೊಂದು ದೇಶವೂ ತನ್ನ ಗುಡ್ಡದಿಂದ ತನಗೆ ಕಂಡಷ್ಟನ್ನು ಹೇಳುತ್ತಿದೆ. ವಿಜಯದ ದಿನ ಯಾವುದೆಂಬುದರಲ್ಲಿ ಕೂಡ ಒಮ್ಮತವಿಲ್ಲ. ಲಂಡನ್ನು, ಪ್ಯಾರಿಸ್ಸುಗಳಿಗೆ ಅದು ಮೇ 8, ಮಾಸ್ಕೋಗೆ ಮೇ 9.

ಇಂದಿನ ಮಾತಿನ ವ್ಯಾಪ್ತಿಯನ್ನು ಮೊದಲೇ ಹೇಳಿಬಿಡುತ್ತೇನೆ. ಹೆಚ್ಚಿನ ಹೊತ್ತು ಜರ್ಮನಿಯ ಸೋಲಿನ ಬಗ್ಗೆ ಮಾತನಾಡುತ್ತೇನೆ, ಏಕೆಂದರೆ ವಾದ ಬಿಸಿಯಾಗಿರುವುದು ಅಲ್ಲಿ. ಮೊದಲು ಸೋವಿಯತ್ ಒಕ್ಕೂಟದ ಭೂಯುದ್ಧ, ಆಮೇಲೆ ಅಮೆರಿಕದ ಕಾರ್ಖಾನೆಗಳು, ಆಮೇಲೆ ಬ್ರಿಟನ್ ಗಳಿಸಿಕೊಟ್ಟ ಕಾಲಾವಕಾಶ. ಕೊನೆಯಲ್ಲಿ, ಈ ಲೆಕ್ಕದ ಪುಸ್ತಕದಲ್ಲಿ ಪುಟವೇ ಸಿಗದ ಚೀನಾ ಮತ್ತು ಭಾರತದ ಕಡೆಗೆ ಬರುತ್ತೇನೆ. ನನ್ನ ಅಭಿಪ್ರಾಯವನ್ನು ಮುಚ್ಚಿಡುವುದಿಲ್ಲ.

ವಿಷಯಕ್ಕೆ ಬರುವ ಮುನ್ನ ಒಂದು ಜನಾಭಿಪ್ರಾಯ ಸಮೀಕ್ಷೆಯನ್ನು ನಿಮ್ಮ ಮುಂದಿಡಬೇಕು. ಜರ್ಮನಿಯನ್ನು ಸೋಲಿಸುವುದರಲ್ಲಿ ಎಲ್ಲರಿಗಿಂತ ಹೆಚ್ಚು ಪಾತ್ರ ಯಾವ ದೇಶದ್ದು ಎಂದು 1945ರ ಮೇ ತಿಂಗಳಲ್ಲಿ ಫ್ರಾನ್ಸಿನ ಐಫಾಪ್ ಸಂಸ್ಥೆ ಜನರನ್ನು ಕೇಳಿತು. ಶೇ. 57 ಮಂದಿ ಸೋವಿಯತ್ ಒಕ್ಕೂಟ ಎಂದರು, ಶೇ. 20 ಮಂದಿ ಅಮೆರಿಕ ಎಂದರು, ಶೇ. 12 ಮಂದಿ ಬ್ರಿಟನ್ ಎಂದರು. 2004ರಲ್ಲಿ ಅದೇ ಪ್ರಶ್ನೆಯನ್ನು ಅದೇ ದೇಶದಲ್ಲಿ ಮತ್ತೆ ಕೇಳಿದಾಗ ಶೇ. 58 ಮಂದಿ ಅಮೆರಿಕದ ಹೆಸರು ಹೇಳಿದರು. ಸೋವಿಯತ್ ಒಕ್ಕೂಟ ಶೇ. 20ಕ್ಕೆ ಇಳಿದಿತ್ತು. ನಡುವಿನ ಅರವತ್ತು ವರ್ಷಗಳಲ್ಲಿ ಯುದ್ಧದ ಒಂದು ಘಟನೆಯೂ ಬದಲಾಗಿರಲಿಲ್ಲ. ಬದಲಾದದ್ದು ಜನ ನೋಡಿದ ಸಿನಿಮಾ, ಓದಿದ ಪಠ್ಯ, ಬದುಕಿದ ಶೀತಲ ಸಮರ. 1945ರ ಫ್ರೆಂಚರ ಕಣ್ಣೆದುರು ಅಮೆರಿಕದ ಸೈನಿಕರೇ ಓಡಾಡುತ್ತಿದ್ದರು. ಆದರೂ ಅವರು ದೂರದ ಕೆಂಪು ಸೇನೆಯ ಹೆಸರು ಹೇಳಿದರು. ನಾಲ್ಕು ವರ್ಷ ರೇಡಿಯೋಗೆ ಕಿವಿ ಹಚ್ಚಿ ಕೂತಿದ್ದ ಆ ಜನರ ಉತ್ತರಕ್ಕೆ ನಾನು ಹೆಚ್ಚು ಬೆಲೆ ಕೊಡುತ್ತೇನೆ.

ಅವರು ಹಾಗೆ ಹೇಳಿದ್ದೇಕೆ? ಇದು ನಮ್ಮನ್ನು ಮೊದಲ ಭಾಗಕ್ಕೆ, ಪೂರ್ವ ರಣರಂಗಕ್ಕೆ ಕರೆದೊಯ್ಯುತ್ತದೆ.

1941ರ ಜೂನ್ 22ರಂದು ಸುಮಾರು ಮೂವತ್ತು ಲಕ್ಷ ಸೈನಿಕರೊಂದಿಗೆ ಜರ್ಮನಿ ಸೋವಿಯತ್ ಗಡಿ ದಾಟಿತು. ಅಂದಿನಿಂದ ಬರ್ಲಿನ್ ಬೀಳುವವರೆಗೆ ಜರ್ಮನ್ ಭೂಸೇನೆಯ ದೊಡ್ಡ ಪಾಲು ಅಲ್ಲಿಂದ ಕದಲಲಿಲ್ಲ. ಎಲ್ ಅಲಮೇನ್ ಕಾಳಗವನ್ನು ಇಂಗ್ಲಿಷ್ ಪುಸ್ತಕಗಳು ಯುದ್ಧದ ತಿರುವು ಎಂದು ಕೊಂಡಾಡುತ್ತವೆ. ಅಲ್ಲಿ ರೋಮೆಲ್ಲನ ಕೈಯಲ್ಲಿ ಇಟಲಿಯ ಪಡೆಗಳನ್ನು ಬಿಟ್ಟರೆ ನಾಲ್ಕು ಜರ್ಮನ್ ಡಿವಿಜನ್ನುಗಳೂ ಒಂದು ಪ್ಯಾರಾಶೂಟ್ ಬ್ರಿಗೇಡೂ ಇದ್ದವು. ಅದೇ ವಾರಗಳಲ್ಲಿ ಪೂರ್ವದಲ್ಲಿದ್ದ ಜರ್ಮನ್ ಡಿವಿಜನ್ನುಗಳು ನೂರೈವತ್ತನ್ನೂ ಮೀರಿದ್ದವು. ಇಡೀ ಯುದ್ಧದಲ್ಲಿ ಜರ್ಮನ್ ಸೇನೆ ಅನುಭವಿಸಿದ ಸಾವುನೋವಿನ ಮುಕ್ಕಾಲು ಪಾಲಿನಷ್ಟು ಪೂರ್ವದಲ್ಲೇ ಸಂಭವಿಸಿತು ಎಂಬುದು ಇತಿಹಾಸಕಾರರ ಸಾಮಾನ್ಯ ಅಂದಾಜು.

ಸ್ಟಾಲಿನ್‌ಗ್ರಾಡ್ ಎಲ್ಲರಿಗೂ ಗೊತ್ತು. 1943ರ ಫೆಬ್ರವರಿ 2ರಂದು ಅಲ್ಲಿನ ಕೊನೆಯ ಜರ್ಮನ್ ಪಡೆ ಶರಣಾಯಿತು. ಸೆರೆಯಾದ ಸುಮಾರು 91,000 ಮಂದಿಯಲ್ಲಿ ಊರಿಗೆ ಮರಳಿದವರು ಐದಾರು ಸಾವಿರ. ಆದರೆ ನನ್ನ ವಾದಕ್ಕೆ ಹೆಚ್ಚು ಮುಖ್ಯವಾದದ್ದು ಅಷ್ಟು ಹೆಸರು ಮಾಡದ ಇನ್ನೊಂದು ಕಾಳಗ, 1944ರ ಬಗ್ರಾತಿಯೋನ್ ಕಾರ್ಯಾಚರಣೆ. ಆ ವರ್ಷದ ಜೂನ್ 6ರಂದು ನಾರ್ಮಂಡಿಯ ಕಡಲತೀರದಲ್ಲಿ ಮಿತ್ರಸೇನೆ ಇಳಿದದ್ದನ್ನು ಮಕ್ಕಳೂ ಬಲ್ಲರು. ಎರಡು ವಾರಗಳ ಬಳಿಕ, ಹಿಟ್ಲರನ ದಾಳಿಗೆ ಸರಿಯಾಗಿ ಮೂರು ವರ್ಷ ತುಂಬಿದಾಗ, ಕೆಂಪು ಸೇನೆ ಬೆಲಾರೂಸ್‌ನಲ್ಲಿ ಮುನ್ನುಗ್ಗಿತು. ಜುಲೈ 3ಕ್ಕೆ ಮಿನ್ಸ್ಕ್ ಕೈವಶವಾಯಿತು. ಜರ್ಮನಿಯ ಮಧ್ಯ ಸೇನಾಸಮೂಹವೇ ಕುಸಿದುಬಿದ್ದು ಅದರ ನಷ್ಟ ನಾಲ್ಕು ಲಕ್ಷದ ಆಸುಪಾಸಿಗೆ ಮುಟ್ಟಿತು. ಜುಲೈ 17ರಂದು ಸುಮಾರು 57,000 ಜರ್ಮನ್ ಸೆರೆಯಾಳುಗಳನ್ನು ಮಾಸ್ಕೋದ ಬೀದಿಗಳಲ್ಲಿ ನಡೆಸಿ, ಅವರ ಹಿಂದೆಯೇ ನೀರಿನ ಬಂಡಿಗಳಿಂದ ರಸ್ತೆ ತೊಳೆಸಿದರು. ಆ ಹೊತ್ತಿಗೆ ನಾರ್ಮಂಡಿಯಲ್ಲಿ ಮಿತ್ರಸೇನೆ ಇನ್ನೂ ಪೊದೆಬೇಲಿಗಳ ನಡುವೆ ಹೊಲದಿಂದ ಹೊಲಕ್ಕೆ ಹೋರಾಡುತ್ತಿತ್ತು. ನಾರ್ಮಂಡಿಯನ್ನು ನಾನು ಕಡಿಮೆ ಮಾಡುತ್ತಿಲ್ಲ. ಎರಡು ಕಡೆಯೂ ಒಮ್ಮೆಗೇ ಬೆಂಕಿ ಹತ್ತಿದ್ದರಿಂದಲೇ ಜರ್ಮನಿಗೆ ಯಾವುದನ್ನೂ ಆರಿಸಲು ಆಗಲಿಲ್ಲ.

ಇಲ್ಲಿ ಒಂದು ಎಚ್ಚರ ಬೇಕು. ಸೋವಿಯತ್ ಪರ ವಾದಿಸುವವರು ಮೊದಲು ಮುಂದಿಡುವುದು ಸತ್ತವರ ಸಂಖ್ಯೆಯನ್ನು: ಸೈನಿಕರೂ ನಾಗರಿಕರೂ ಸೇರಿ ಸುಮಾರು 2.7 ಕೋಟಿ. ಅಮೆರಿಕ ಕಳೆದುಕೊಂಡ ಸೈನಿಕರು ನಾಲ್ಕು ಲಕ್ಷಕ್ಕೆ ಸ್ವಲ್ಪ ಹೆಚ್ಚು, ಬ್ರಿಟನ್ನಿನವರು ನಾಲ್ಕು ಲಕ್ಷಕ್ಕೆ ಸ್ವಲ್ಪ ಕಡಿಮೆ. ಈ ಅಂಕಿಗಳನ್ನು ಅಕ್ಕಪಕ್ಕ ಇಟ್ಟರೆ ವಾದ ಮುಗಿಯಿತೆಂದು ಅನೇಕರ ಎಣಿಕೆ. ನನಗೆ ಹಾಗನ್ನಿಸುವುದಿಲ್ಲ. ಒಂದು ದೇಶ ತೆತ್ತ ಬೆಲೆಯೂ ಶತ್ರುವನ್ನು ಮಣಿಸುವುದರಲ್ಲಿ ಅದರ ಪಾಲೂ ಬೇರೆ ಬೇರೆ ಅಳತೆಗಳು. ಆ 2.7 ಕೋಟಿಯಲ್ಲಿ ಮೂವತ್ತು ಲಕ್ಷಕ್ಕೂ ಹೆಚ್ಚು ಮಂದಿ ಜರ್ಮನ್ ಸೆರೆಯಲ್ಲಿ ಹಸಿವಿನಿಂದ, ಚಳಿಯಿಂದ, ಗುಂಡಿನಿಂದ ಸತ್ತ ಯುದ್ಧಕೈದಿಗಳು. ಲೆನಿನ್‌ಗ್ರಾಡಿನ 872 ದಿನಗಳ ಮುತ್ತಿಗೆಯಲ್ಲಿ ಹಸಿದು ಸತ್ತವರಿದ್ದಾರೆ. ಯುದ್ಧಕ್ಕೆ ನಾಲ್ಕು ವರ್ಷ ಮುಂಚಿನಿಂದ ತನ್ನದೇ ಸೇನಾಧಿಕಾರಿಗಳನ್ನು ಕೊಲ್ಲಿಸಿ, ಮುನ್ನೆಚ್ಚರಿಕೆಗಳನ್ನೆಲ್ಲ ತಳ್ಳಿಹಾಕಿದ ಸ್ಟಾಲಿನನ ತಪ್ಪಿಗೆ ಬಲಿಯಾದವರೂ ಇದ್ದಾರೆ. ಅವರ ಸಾವು ಮಹಾದುಃಖ. ಅದನ್ನು ಗೆಲುವಿನ ಖಾತೆಗೆ ಜಮಾ ಮಾಡುವುದು ಸರಿಯೆ? ಸೋವಿಯತ್ ಪಾಲು ದೊಡ್ಡದೆಂದು ನಾನು ಹೇಳುವುದು ಅದು ಒಡೆದು ಹಾಕಿದ ಜರ್ಮನ್ ಡಿವಿಜನ್ನುಗಳ ಆಧಾರದ ಮೇಲೆ, ಸಮಾಧಿಗಳ ಆಧಾರದ ಮೇಲಲ್ಲ.

ಇನ್ನೆರಡು ಮಾತು ಸೇರಿಸಿ ಈ ಭಾಗವನ್ನು ಬಿಡುತ್ತೇನೆ. 1939ರ ಆಗಸ್ಟ್ 23ರ ಒಪ್ಪಂದದಿಂದ ಪೋಲೆಂಡನ್ನು ಹಂಚಿಕೊಂಡದ್ದೂ, ದಾಳಿಯ ದಿನದವರೆಗೆ ಜರ್ಮನಿಗೆ ಎಣ್ಣೆ, ಧಾನ್ಯ ಕಳಿಸುತ್ತಿದ್ದದ್ದೂ ಇದೇ ಸೋವಿಯತ್ ಒಕ್ಕೂಟ. ಹಾಗೆಯೇ, ಸೋವಿಯತ್ ಎಂದ ಕೂಡಲೇ ರಷ್ಯಾ ಎಂದುಕೊಳ್ಳುವ ರೂಢಿ ತಪ್ಪು. ಯುಕ್ರೇನ್, ಬೆಲಾರೂಸ್, ಕಜಕಿಸ್ತಾನ್, ಜಾರ್ಜಿಯಾಗಳ ಮಕ್ಕಳು ಆ ಸೇನೆಯಲ್ಲಿದ್ದರು. ಬೆಲಾರೂಸ್ ತನ್ನ ಜನರಲ್ಲಿ ನಾಲ್ವರಿಗೆ ಒಬ್ಬರಂತೆ ಕಳೆದುಕೊಂಡಿತು. ಇಂದು ಪರಸ್ಪರ ಯುದ್ಧದಲ್ಲಿರುವ ದೇಶಗಳು ಒಂದೇ ವಿಜಯವನ್ನು ಎಳೆದಾಡುತ್ತಿವೆ.

ಈಗ ಎರಡನೆಯ ಭಾಗಕ್ಕೆ, ಅಮೆರಿಕಕ್ಕೆ ಬರೋಣ.

1943ರ ನವೆಂಬರ್ 30ರ ರಾತ್ರಿ ತೆಹರಾನಿನಲ್ಲಿ ಚರ್ಚಿಲ್ಲರ ಅರವತ್ತೊಂಬತ್ತನೆಯ ಹುಟ್ಟುಹಬ್ಬದ ಊಟ. ರೂಸ್‌ವೆಲ್ಟ್, ಸ್ಟಾಲಿನ್ ಇಬ್ಬರೂ ಇದ್ದರು. ಅಂದು ಸ್ಟಾಲಿನ್ ಎದ್ದು ನಿಂತು, ಇದು ಯಂತ್ರಗಳ ಯುದ್ಧ, ಅಮೆರಿಕ ಯಂತ್ರಗಳ ನಾಡು, ಅವು ಬಾರದೆ ಹೋಗಿದ್ದರೆ ಯುದ್ಧ ಸೋಲುತ್ತಿದ್ದೆವು ಎಂಬ ಅರ್ಥದ ಮಾತನ್ನಾಡಿದ. ಊಟದ ಮೇಜಿನ ಸೌಜನ್ಯ ಎಂದು ಇದನ್ನು ತಳ್ಳಿಹಾಕಬಹುದಿತ್ತು. ಆದರೆ ಸ್ಟಾಲಿನ್ ಖಾಸಗಿಯಾಗಿಯೂ ಹೀಗೆಯೇ ಹೇಳುತ್ತಿದ್ದುದನ್ನು ಕ್ರುಶ್ಚೇವ್ ತಮ್ಮ ನೆನಪುಗಳಲ್ಲಿ ದಾಖಲಿಸಿದ್ದಾರೆ.

ಲೆಂಡ್-ಲೀಸ್ ಕಾಯ್ದೆಯಡಿ ಅಮೆರಿಕ ಮಿತ್ರರಿಗೆ ಕೊಟ್ಟದ್ದು ಸುಮಾರು 5,000 ಕೋಟಿ ಡಾಲರ್ ಬೆಲೆಯ ಸಾಮಗ್ರಿ. ಹೆಚ್ಚಿನದು ಬ್ರಿಟನ್ನಿಗೆ ಹೋಯಿತು. ಸೋವಿಯತ್ ಪಾಲಿಗೆ ಬಂದದ್ದು ಸುಮಾರು 1,100 ಕೋಟಿ ಡಾಲರಿನಷ್ಟು. ಅದರಲ್ಲಿ ಟ್ಯಾಂಕು, ವಿಮಾನಗಳಿದ್ದರೂ ಯುದ್ಧದ ಗತಿಯನ್ನು ಬದಲಿಸಿದ ಸಾಮಾನು ಬೇರೆ. ನಾಲ್ಕು ಲಕ್ಷಕ್ಕೂ ಹೆಚ್ಚು ಟ್ರಕ್ಕು, ಜೀಪುಗಳು. ಸುಮಾರು 1,900 ರೈಲು ಎಂಜಿನ್ನುಗಳು. ಒಂದೂವರೆ ಕೋಟಿ ಜೊತೆ ಬೂಟುಗಳು. ಡಬ್ಬಿ ಮಾಂಸವೂ ಸೇರಿದಂತೆ ಲಕ್ಷಾಂತರ ಟನ್ ಆಹಾರ. ಉತ್ತಮ ದರ್ಜೆಯ ವಿಮಾನ ಇಂಧನ. ರಷ್ಯನ್ನರ ಹೆಮ್ಮೆಯ ಕತ್ಯೂಷಾ ರಾಕೆಟ್ಟುಗಳು ಅಮೆರಿಕದ ಸ್ಟುಡೆಬೇಕರ್ ಟ್ರಕ್ಕುಗಳ ಬೆನ್ನೇರಿ ಜರ್ಮನಿಯತ್ತ ಸಾಗಿದವು. ಬಗ್ರಾತಿಯೋನಿನಲ್ಲಿ ಕೆಂಪು ಸೇನೆ ಐದು ವಾರಗಳಲ್ಲಿ ನೂರಾರು ಮೈಲಿ ಓಡಿದ್ದು ಈ ಚಕ್ರಗಳ ಮೇಲೆ. ಎದುರಾಳಿ ಜರ್ಮನರ ಸರಂಜಾಮು ಬಹುಮಟ್ಟಿಗೆ ಕುದುರೆಗಾಡಿಗಳಲ್ಲಿ ಬರುತ್ತಿತ್ತು ಎಂಬುದನ್ನು ಸಿನಿಮಾದ ಜರ್ಮನ್ ಸೇನೆಯನ್ನಷ್ಟೇ ಕಂಡವರು ನಂಬುವುದು ಕಷ್ಟ.

ಆದರೆ ಕಾಲಾನುಕ್ರಮವನ್ನು ಮರೆಯಬಾರದು. ಈ ಸಾಮಗ್ರಿಯ ಬಹುಪಾಲು ತಲುಪಿದ್ದು 1943ರಿಂದ ಈಚೆಗೆ. ಮಾಸ್ಕೋದ ಬಾಗಿಲಲ್ಲಿ ಜರ್ಮನರನ್ನು ತಡೆದ 1941ರ ಡಿಸೆಂಬರಿನಲ್ಲಿ ಹೊರಗಿನಿಂದ ಬಂದಿದ್ದುದು ಅಲ್ಪ, ಅದರಲ್ಲೂ ಬ್ರಿಟಿಷ್ ಟ್ಯಾಂಕುಗಳೇ ಮುಖ್ಯ. ಆ ಚಳಿಗಾಲದಲ್ಲಿ ನಿಂತದ್ದು ಸೋವಿಯತ್ ಶಕ್ತಿ: ಒಂದೂವರೆ ಸಾವಿರಕ್ಕೂ ಹೆಚ್ಚು ಕಾರ್ಖಾನೆಗಳನ್ನು ಬಿಚ್ಚಿ, ರೈಲಿಗೇರಿಸಿ, ಉರಲ್ ಪರ್ವತಗಳ ಆಚೆಗೆ ಸಾಗಿಸಿ ಮತ್ತೆ ಕಟ್ಟಿದ ಶಕ್ತಿ. ಹಾಗಾಗಿ ಅಮೆರಿಕದ ನೆರವಿಲ್ಲದೆ ಸೋವಿಯತ್ ಸೋಲುತ್ತಿತ್ತು ಎಂದು ನಾನು ಖಚಿತವಾಗಿ ಹೇಳಲಾರೆ. ಅದು 1945ರಲ್ಲಿ ಬರ್ಲಿನ್ನಿನಲ್ಲಿ ಇರುತ್ತಿರಲಿಲ್ಲ ಎಂದು ಮಾತ್ರ ಧೈರ್ಯವಾಗಿ ಹೇಳಬಲ್ಲೆ.

ಇಷ್ಟಕ್ಕೇ ಅಮೆರಿಕದ ಪಾಲು ಮುಗಿಯುವುದಿಲ್ಲ. ಫಿಲಿಪ್ಸ್ ಓ'ಬ್ರಿಯನ್ ಎಂಬ ಇತಿಹಾಸಕಾರ 2015ರ ತನ್ನ ಕೃತಿಯಲ್ಲಿ ಡಿವಿಜನ್ನುಗಳನ್ನು ಎಣಿಸುವ ಪದ್ಧತಿಯನ್ನೇ ಪ್ರಶ್ನಿಸಿದ. ಜರ್ಮನಿಯ ಯುದ್ಧೋತ್ಪಾದನೆಯಲ್ಲಿ ಟ್ಯಾಂಕಿನ ಪಾಲು ಚಿಕ್ಕದು; ಹಣ, ಲೋಹ, ಕುಶಲ ಕೆಲಸಗಾರರು ಹೋಗುತ್ತಿದ್ದುದು ವಿಮಾನ, ಜಲಾಂತರ್ಗಾಮಿ, ವಿಮಾನನಿರೋಧಕ ಫಿರಂಗಿಗಳಿಗೆ. ಅವೆಲ್ಲ ನಾಶವಾದದ್ದು ಮುಖ್ಯವಾಗಿ ಅಮೆರಿಕ, ಬ್ರಿಟನ್ನುಗಳ ವಾಯು-ನೌಕಾ ಬಲದಿಂದ ಎಂಬುದು ಅವನ ವಾದ. ಈ ವಾದ ನನ್ನನ್ನು ಪೂರ್ತಿ ಒಲಿಸಿಕೊಂಡಿಲ್ಲ, ಆದರೆ ಅಲುಗಾಡಿಸಿದೆ. ಜರ್ಮನಿಯ ನಗರಗಳನ್ನು ಕಾಯಲು ನಿಲ್ಲಿಸಿದ ಒಂದೊಂದು 88 ಮಿಲಿಮೀಟರ್ ಫಿರಂಗಿಯೂ ಪೂರ್ವದಲ್ಲಿ ಒಂದು ಟಿ-34 ಟ್ಯಾಂಕನ್ನು ಎದುರಿಸಬಹುದಿತ್ತು. ಜಗತ್ತಿನ ಕಚ್ಚಾ ತೈಲದ ಅರ್ಧಕ್ಕಿಂತ ಹೆಚ್ಚು ಅಮೆರಿಕದ ನೆಲದಿಂದಲೇ ಬರುತ್ತಿತ್ತು. ಸುಮಾರು ಮೂರು ಲಕ್ಷ ವಿಮಾನ, 2,710 ಲಿಬರ್ಟಿ ಹಡಗು ಕಟ್ಟಿದ ಆ ದೇಶ ಎರಡು ಸಾಗರಗಳಲ್ಲಿ ಒಮ್ಮೆಗೇ ಹೋರಾಡಿತು. ಪೆಸಿಫಿಕ್ ಸಾಗರದ ಯುದ್ಧದಲ್ಲಂತೂ ಅದರ ಮೊದಲ ಸ್ಥಾನಕ್ಕೆ ಸ್ಪರ್ಧಿಯೇ ಇಲ್ಲ.

ಮೂರನೆಯ ಭಾಗ ಬ್ರಿಟನ್ನಿನದು. ಅದರ ಪಾಲನ್ನು ಡಿವಿಜನ್ನುಗಳಲ್ಲೂ ಡಾಲರುಗಳಲ್ಲೂ ಅಳೆಯಲಾಗದು. 1940ರ ಜೂನಿನಲ್ಲಿ ಫ್ರಾನ್ಸ್ ಮಣಿಯಿತು. ಆಗ ಲಂಡನ್ ಸಂಧಿಗೆ ಒಪ್ಪಿದ್ದರೆ, ಮುಂದೆ ಸೋವಿಯತ್ ಗಡಿಯಲ್ಲಿ ಹಿಟ್ಲರನಿಗೆ ಬೆನ್ನ ಹಿಂದಿನ ಚಿಂತೆ ಇರುತ್ತಿರಲಿಲ್ಲ. ಅಮೆರಿಕದ ವಿಮಾನಗಳಿಗೆ ಇಳಿಯಲು ಯುರೋಪಿನ ಬಳಿ ನೆಲೆಯಿರುತ್ತಿರಲಿಲ್ಲ. ಆ ಒಂದು ವರ್ಷ ಮಣಿಯದೆ ನಿಂತದ್ದೇ ಬ್ರಿಟನ್ನಿನ ಅತಿ ದೊಡ್ಡ ಕಾಣಿಕೆ.

ಬ್ರಿಟನ್ ಆಗ ಒಂಟಿಯಾಗಿತ್ತು ಎಂಬ ಮಾತು ಮಾತ್ರ ಒಪ್ಪತಕ್ಕದ್ದಲ್ಲ. ಡನ್‌ಕರ್ಕಿನ ಮರಳಿನಲ್ಲೇ ಭಾರತೀಯ ಹೇಸರಗತ್ತೆ ಪಡೆಯ ಸೈನಿಕರಿದ್ದರು. 1940ರ ಡಿಸೆಂಬರಿನಲ್ಲಿ ಈಜಿಪ್ಟಿನ ಸಿದಿ ಬರ್ರಾನಿಯಲ್ಲಿ ಇಟಲಿಯ ಸೇನೆಯನ್ನು ಮುರಿದವರಲ್ಲಿ ನಾಲ್ಕನೆಯ ಭಾರತೀಯ ಡಿವಿಜನ್ ಇತ್ತು. ಅಟ್ಲಾಂಟಿಕ್ಕಿನಲ್ಲಿ ಹಡಗುಗಳನ್ನು ಕಾಯುವ ಕೆಲಸದಲ್ಲಿ ಕೆನಡಾ ಜೊತೆಗಿತ್ತು. ಲಂಡನ್ನಿನ ಆಕಾಶವನ್ನು ಕಾದ ಪೈಲಟ್ಟುಗಳಲ್ಲಿ ನೂರ ನಲವತ್ತೈದು ಮಂದಿ ಪೋಲಿಷರು. ಬ್ಲೆಚ್ಲಿ ಪಾರ್ಕಿನಲ್ಲಿ ಅಲನ್ ಟ್ಯೂರಿಂಗ್ ಮತ್ತು ಸಂಗಡಿಗರು ಜರ್ಮನರ ಎನಿಗ್ಮಾ ಸಂಕೇತಗಳನ್ನು ಒಡೆದದ್ದು ಈಗ ಜಗತ್ಪ್ರಸಿದ್ಧ. ಆದರೆ ಅದರ ಮೊದಲ ಬೀಗ ತೆಗೆದವರು ಮರಿಯನ್ ರೆಯೆವ್‌ಸ್ಕಿ ಮೊದಲಾದ ಪೋಲೆಂಡಿನ ಗಣಿತಜ್ಞರು, 1932ರಷ್ಟು ಹಿಂದೆ. ಯುದ್ಧಕ್ಕೆ ಕೆಲವೇ ವಾರ ಮುಂಚೆ, 1939ರ ಜುಲೈಯಲ್ಲಿ, ಅವರು ತಮ್ಮ ಜ್ಞಾನವನ್ನೆಲ್ಲ ಬ್ರಿಟಿಷರಿಗೂ ಫ್ರೆಂಚರಿಗೂ ಒಪ್ಪಿಸಿದರು. 1946ರ ಲಂಡನ್ನಿನ ವಿಜಯ ಮೆರವಣಿಗೆಯಲ್ಲಿ ಪೋಲಿಷ್ ಸೇನೆ ಹೆಜ್ಜೆ ಹಾಕಲಿಲ್ಲ. ಸ್ಟಾಲಿನನನ್ನು ಕೆಣಕುವುದು ಆಗ ಯಾರಿಗೂ ಬೇಕಿರಲಿಲ್ಲ.

ಈ ಮೂರೂ ಭಾಗಗಳನ್ನು ಕೇಳಿದ ಮೇಲೆ ನೀವು ನನ್ನ ತೀರ್ಪು ಕೇಳುವುದು ನ್ಯಾಯವೇ. ಜರ್ಮನ್ ಭೂಸೇನೆಯನ್ನು ಮುರಿದದ್ದರಲ್ಲಿ ಸೋವಿಯತ್ ಒಕ್ಕೂಟಕ್ಕೆ ಮೊದಲ ಸ್ಥಾನ, ಎರಡನೆಯವರು ಬಹಳ ಹಿಂದೆ. ಯುರೋಪು, ಏಷ್ಯಾ ಎರಡನ್ನೂ ಸೇರಿಸಿ ಇಡೀ ಯುದ್ಧವನ್ನು ನೋಡಿದರೆ, ಯಾರನ್ನು ತೆಗೆದರೆ ಎಲ್ಲ ರಣರಂಗಗಳೂ ಒಟ್ಟಿಗೆ ಬಡವಾಗುತ್ತಿದ್ದವೋ ಆ ದೇಶ ಅಮೆರಿಕ. ಈ ಎರಡನ್ನು ಒಂದೇ ತಕ್ಕಡಿಯಲ್ಲಿ ತೂಗಲು ಬರುವುದಿಲ್ಲ, ಏಕೆಂದರೆ ಒಬ್ಬರು ಉಕ್ಕನ್ನು ಸುರಿದು ತಮ್ಮ ಮಕ್ಕಳನ್ನು ಉಳಿಸಿಕೊಂಡರು. ಇನ್ನೊಬ್ಬರಿಗೆ ಆ ಆಯ್ಕೆಯೇ ಇರಲಿಲ್ಲ.

ಇನ್ನು ಕೊನೆಯ ಭಾಗ. ಏಷ್ಯಾದಲ್ಲಿ ಯುದ್ಧ ಶುರುವಾದದ್ದು 1939ರಲ್ಲಲ್ಲ, 1937ರ ಜುಲೈ 7ರಂದು, ಬೀಜಿಂಗ್ ಬಳಿಯ ಮಾರ್ಕೋ ಪೋಲೋ ಸೇತುವೆಯಲ್ಲಿ. ಪರ್ಲ್ ಹಾರ್ಬರ್ ದಾಳಿಯ ಹೊತ್ತಿಗೆ ಚೀನಾ ನಾಲ್ಕು ವರ್ಷ ಹೋರಾಡಿಯಾಗಿತ್ತು. ಆಗಲೂ ಜಪಾನಿನ ಭೂಸೇನೆಯ ಬಹುಪಾಲು ಚೀನಾ, ಮಂಚೂರಿಯಾಗಳಲ್ಲೇ ಸಿಕ್ಕಿಬಿದ್ದಿತ್ತು. ಸತ್ತ ಚೀನೀಯರ ಅಂದಾಜು ಒಂದು ಕೋಟಿ ನಲವತ್ತು ಲಕ್ಷದಿಂದ ಎರಡು ಕೋಟಿಯವರೆಗೆ ಹೋಗುತ್ತದೆ. ರಾಣಾ ಮಿತ್ತರ್ 2013ರಲ್ಲಿ ಈ ಕುರಿತು ಬರೆದ ಗ್ರಂಥದಲ್ಲಿ ಚೀನಾವನ್ನು ಮರೆತುಹೋದ ಮಿತ್ರ ಎಂದೇ ಕರೆದರು.

ಭಾರತದ ವಿಷಯ ಇನ್ನೂ ತೊಡಕಿನದು. 1939ರ ಸೆಪ್ಟೆಂಬರ್ 3ರಂದು ವೈಸ್‌ರಾಯ್ ಲಿನ್‌ಲಿತ್‌ಗೋ ಇಲ್ಲಿನ ಒಬ್ಬ ಜನಪ್ರತಿನಿಧಿಯನ್ನೂ ಕೇಳದೆ ಭಾರತವನ್ನು ಯುದ್ಧಕ್ಕೆ ಇಳಿಸಿದರು. ಎರಡು ಲಕ್ಷದಷ್ಟಿದ್ದ ಸೇನೆ 25 ಲಕ್ಷಕ್ಕೆ ಬೆಳೆಯಿತು. 87,000ಕ್ಕೂ ಹೆಚ್ಚು ಮಂದಿ ಸತ್ತರು. ಕೊಡಗಿನ ಕಾರಿಯಪ್ಪನವರು ಇರಾಕ್, ಸಿರಿಯಾ, ಇರಾನ್‌ಗಳಲ್ಲಿದ್ದರು. ಸ್ಟಾಲಿನನಿಗೆ ಹೋದ ಟ್ರಕ್ಕುಗಳ ಒಂದು ಮುಖ್ಯ ದಾರಿ ಅದೇ ಇರಾನ್. 1941ರ ಆಗಸ್ಟಿನಲ್ಲಿ ಆ ದಾರಿ ತೆರೆಯಲು ದಕ್ಷಿಣದಿಂದ ನುಗ್ಗಿದ ಪಡೆಗಳಲ್ಲಿ ಭಾರತೀಯರೇ ಹೆಚ್ಚು. 1944ರಲ್ಲಿ ಇಂಫಾಲ-ಕೊಹಿಮಾಗಳಲ್ಲಿ ಜಪಾನಿನ ಭೂಸೇನೆ ಅಲ್ಲಿಯವರೆಗಿನ ತನ್ನ ಅತಿ ದೊಡ್ಡ ಸೋಲನ್ನು ಕಂಡಿತು. ಅದನ್ನು ಸೋಲಿಸಿದ ಹದಿನಾಲ್ಕನೆಯ ಸೇನೆಯಲ್ಲಿ ಬಹುಸಂಖ್ಯಾತರು ಭಾರತೀಯರು. ಎದುರು ಪಕ್ಷದಲ್ಲಿ ಸುಭಾಷರ ಆಜಾದ್ ಹಿಂದ್ ಫೌಜಿನ ಭಾರತೀಯರೂ ಇದ್ದರು. ತಿಮ್ಮಯ್ಯನವರು ಅರಾಕಾನಿನಲ್ಲಿ ಮೊದಲು ಬೆಟಾಲಿಯನ್ನನ್ನು, ಮುಂದೆ ಬ್ರಿಗೇಡನ್ನೇ ನಡೆಸಿದರು. ನಾರ್ಮಂಡಿಯ ಒಮಾಹಾ ತೀರದಲ್ಲಿ ಅಮೆರಿಕನ್ನರು ಮುಳ್ಳುತಂತಿಯನ್ನು ಸಿಡಿಸಿ ದಾರಿ ಮಾಡಿಕೊಂಡ ಸ್ಫೋಟಕ ಕೊಳವೆಯ ಹೆಸರು ಬ್ಯಾಂಗಲೋರ್ ಟಾರ್ಪೆಡೊ. 1912ರಲ್ಲಿ ಅದನ್ನು ರೂಪಿಸಿದ್ದು ನಮ್ಮ ಬೆಂಗಳೂರಿನ ದಂಡುಪ್ರದೇಶದಲ್ಲಿದ್ದ ಕ್ಯಾಪ್ಟನ್ ಮೆಕ್ಲಿಂಟಾಕ್.

ಅದೇ ಬೆಂಗಳೂರಿನಲ್ಲಿ 1940ರ ಡಿಸೆಂಬರಿನಲ್ಲಿ ವಾಲ್‌ಚಂದ್ ಹೀರಾಚಂದರು ಮೈಸೂರು ಸಂಸ್ಥಾನದ ಬೆಂಬಲದೊಂದಿಗೆ ಆರಂಭಿಸಿದ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಕಾರ್ಖಾನೆ 1943ರಲ್ಲಿ ಅಮೆರಿಕದ ವಾಯುಸೇನೆಯ ಆಡಳಿತಕ್ಕೆ ಬಂದು, ಮಿತ್ರಪಕ್ಷದ ವಿಮಾನಗಳನ್ನು ರಿಪೇರಿ ಮಾಡುತ್ತಿತ್ತು. ಅದೇ 1943ರ ಮಾರ್ಚಿನಲ್ಲಿ, ಅದೇ ಮೈಸೂರು ಸಂಸ್ಥಾನದಲ್ಲಿ, ಕ್ವಿಟ್ ಇಂಡಿಯಾ ಚಳವಳಿಯಲ್ಲಿ ಸ್ವತಂತ್ರ ಸರ್ಕಾರ ಘೋಷಿಸಿದ ಈಸೂರಿನ ಐವರನ್ನು ಗಲ್ಲಿಗೇರಿಸಲಾಯಿತು. ಆ ವರ್ಷವೇ ಬಂಗಾಳದಲ್ಲಿ ಕ್ಷಾಮ ಹಬ್ಬಿತು. ಯುದ್ಧದ ಹೆಸರಿನಲ್ಲಿ ದೋಣಿಗಳನ್ನು ಕಿತ್ತುಕೊಂಡು, ಅಕ್ಕಿಯನ್ನು ಸರಿಸಿ, ಬೆಲೆಯನ್ನು ಏರಲು ಬಿಟ್ಟ ನಾಡಿನಲ್ಲಿ ಇಪ್ಪತ್ತರಿಂದ ಮೂವತ್ತು ಲಕ್ಷ ಜನ ಸತ್ತರು. ಬೆಲೆ ಬೇರೆ, ಪಾಲು ಬೇರೆ ಎಂದು ಆಗಲೇ ಹೇಳಿದೆನಲ್ಲ, ಆ ಮಾತು ನಮಗೂ ಅನ್ವಯಿಸುತ್ತದೆ: ಬಂಗಾಳದ ಸಾವುಗಳನ್ನು ವಿಜಯಕ್ಕೆ ಭಾರತದ ಕೊಡುಗೆ ಎಂದು ಹೆಮ್ಮೆಯಿಂದ ಎಣಿಸಲು ನಾನು ಸಿದ್ಧನಿಲ್ಲ. ಅದು ತೆಗೆದುಕೊಂಡದ್ದು, ಕೊಟ್ಟದ್ದಲ್ಲ.

ಸೈನಿಕರು ಮಾತ್ರ ಸ್ವಇಚ್ಛೆಯಿಂದ ಸೇರಿದವರು. ಸಂಬಳಕ್ಕೋ, ಮನೆತನದ ರೂಢಿಗೋ, ಫ್ಯಾಸಿಸಂ ಮೇಲಿನ ಕೋಪಕ್ಕೋ ಸೇರಿದವರು, ಹೋರಾಡಿ ಗೆದ್ದವರು. ಅವರ ಪಾಲನ್ನು ಬ್ರಿಟನ್ನಿನ ಖಾತೆಗೆ ಬರೆಯುವ ರೂಢಿಯನ್ನು ನಾವು ಒಪ್ಪಬೇಕಾದ್ದಿಲ್ಲ. ಲಂಡನ್ನಿನ ದಾಖಲೆಗಳೇ ಅದನ್ನು ಪೂರ್ತಿ ಒಪ್ಪಿಲ್ಲ. ಭಾರತದ ಸೇನೆಯನ್ನು ಹೊರನಾಡುಗಳಲ್ಲಿ ಬಳಸಿದ್ದಕ್ಕೆ, ಇಲ್ಲಿಂದ ಕೊಂಡ ಸರಕಿಗೆ ಬ್ರಿಟನ್ ಕೊಡಬೇಕಾದ ಹಣ ಸ್ಟರ್ಲಿಂಗ್ ಶಿಲ್ಕಾಗಿ ಬೆಳೆಯುತ್ತ ಹೋಗಿ, ಯುದ್ಧ ಮುಗಿದಾಗ ಸುಮಾರು 130 ಕೋಟಿ ಪೌಂಡಿಗೆ ಮುಟ್ಟಿತ್ತು. ಯುದ್ಧಕ್ಕೆ ಮೊದಲು ಲಂಡನ್ನಿಗೆ ಸಾಲಗಾರನಾಗಿದ್ದ ದೇಶ ಅದಕ್ಕೇ ಸಾಲ ಕೊಟ್ಟ ಧಣಿಯಾಗಿತ್ತು. ಆ ಸಾಲವನ್ನು ಕಡಿತ ಮಾಡಬೇಕೆಂದು ಚರ್ಚಿಲ್ಲರು ಪಟ್ಟು ಹಿಡಿದಿದ್ದರು. ಸ್ವಾತಂತ್ರ್ಯದ ಬಳಿಕ ಅದು ಕಂತುಗಳಲ್ಲಿ ಬಿಡುಗಡೆಯಾಯಿತು; ಹೊರಗಿನಿಂದ ತರಿಸಿದ ಧಾನ್ಯಕ್ಕೂ ನಮ್ಮ ಮೊದಲ ಪಂಚವಾರ್ಷಿಕ ಯೋಜನೆಯ ಕಾಲದ ಯಂತ್ರಗಳಿಗೂ ಆ ಹಣ ಒದಗಿತು.